ನೆರೆ ಇಳಿದ ಮೇಲೆ ಮನೆಮಂದಿಗೆಲ್ಲ ಭೇದಿ

ಪಟಿಕ ಹಾಕಿದ ಬಾವಿ ನೀರು ತಿಳಿಯಾಗಿದೆ, ಆದರೂ ಮನೆಯಲ್ಲಿ ಎಲ್ಲರಿಗೂ ಭೇದಿ ಏಕೆ ಅಂತ ಕೇಳಿದ್ದೀರಿ. ನೀರು ತಿಳಿಯಾಗಿ ಕಂಡರೂ ನನಗೆ ಅನುಮಾನ ಬಾವಿಯ ಮೇಲೇ. ಗಂಗಾವಳಿ ಹೊಳೆಯ ನೆರೆ ಕಟ್ಟೆ ದಾಟಿ ಬಾವಿಗಿಳಿದಿದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಅದರ ಜೊತೆ ಶೌಚಗುಂಡಿಯ ಬ್ಯಾಕ್ಟೀರಿಯಾವೂ ಬಂದಿರಬಹುದು. ಪಟಿಕ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ಇ. ಕೊಲೈಯಂಥ ಮಲದ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಇವತ್ತಿನಿಂದಲೇ ಕುಡಿಯಲು, ಹಲ್ಲುಜ್ಜಲು ಕುದಿಸಿದ ನೀರು. ಗುಳ್ಳೆ ಬಂದ ಕೂಡಲೇ ಇಳಿಸಬೇಡಿ, ಒಂದು ನಿಮಿಷ ಕೊತಕೊತ ಕುದಿಯಲಿ.

ಆಮೇಲೆ ಪಂಪು ಹಚ್ಚಿ ಬಾವಿ ಖಾಲಿ ಮಾಡಿಸಿ, ಕೆಸರು ತೆಗೆಸಿ. ಹೊಸ ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್, ಸಾವಿರ ಲೀಟರಿಗೆ 5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 50 ಗ್ರಾಂ ಹತ್ತಿರ. ಪುಡಿಯನ್ನು ಸುಮ್ನೆ ಮೇಲಿಂದ ಎರಚಬೇಡಿ (ಎಲ್ಲರೂ ಮಾಡುವುದು ಅದನ್ನೇ). ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗಂಜಿಯಂತೆ ಕಲಸಿ, ನೀರು ಸೇರಿಸಿ, ಸುಣ್ಣ ತಳದಲ್ಲಿ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಅದಕ್ಕೆ ಹಗ್ಗ ಕಟ್ಟಿ ನೀರೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ತೆರೆದಿಟ್ಟ ಹಳೇ ಪೌಡರ್ ಬೇಡ, ಅದರಲ್ಲಿ ಕ್ಲೋರಿನ್ ಜಾಸ್ತಿ ಉಳಿದಿರುವುದಿಲ್ಲ.

ಶೌಚಗುಂಡಿ ತೀರಾ ಹತ್ತಿರವಿದ್ದರೆ ಇಷ್ಟಕ್ಕೇ ಸರಿಹೋಗದೆಯೂ ಇರಬಹುದು. ನೀರು ಪರೀಕ್ಷೆ ಮಾಡಿಸಿ, ವರದಿ ಬರುವ ತನಕ ಕುದಿಸುತ್ತಲೇ ಇರಿ. ಮಗುವಿನ ಮಲದಲ್ಲಿ ರಕ್ತ ಕಂಡರೆ, ಇಲ್ಲವೇ ಓಆರ್‌ಎಸ್ (ಉಪ್ಪು-ಸಕ್ಕರೆ ದ್ರಾವಣ) ಕೂಡ ವಾಂತಿಯಾದರೆ, ಬಾವಿ ಕೆಲಸ ಬಿಟ್ಟು ಮೊದಲು ಆಸ್ಪತ್ರೆಗೆ ಹೊರಡಿ.