ಸ್ಟಾರ್ ಆಗದ ಮಿಡ್‌ಫೀಲ್ಡರ್‌ಗೂ ಬದುಕಿದೆ: ಟ್ರಯಲ್‌ಗೆ ಹೊರಟ ಹುಡುಗನ ತಂದೆಗೆ

ಸರ್, ನಿಮ್ಮ ಪೋಸ್ಟ್ ನಿಧಾನವಾಗಿ ಓದಿದೆ. ಮಗನಿಗೆ ಹದಿನೇಳೂವರೆ, ಪಿಯುಸಿ ಮುಗಿದಿದೆ, ಬೆಂಗಳೂರು ಸೂಪರ್ ಡಿವಿಷನ್ (ಊರಿನ ಲೀಗ್‌ನ ಮೇಲ್ದರ್ಜೆ) ತಂಡವೊಂದರಲ್ಲಿ ಮಧ್ಯದಲ್ಲಿ ಆಡ್ತಾನೆ, ಹೊರರಾಜ್ಯದ ಐ-ಲೀಗ್ (ಈಗ ದೇಶದ ಎರಡನೇ ದರ್ಜೆ ಲೀಗ್) ಕ್ಲಬ್ಬಿನಿಂದ ಟ್ರಯಲ್‌ಗೆ ಕರೆ ಬಂದಿದೆ. "ಇವನು ಛೆಟ್ರಿ ಆಗಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಸಾಧಾರಣ ಆಟಗಾರನಾಗಿ ಹತ್ತು ವರ್ಷ ಇದರಲ್ಲೇ ಸಂಸಾರ ನಡೆಸೋಕೆ ಆಗುತ್ತಾ?" ಅಂತ ಕೇಳಿದ್ದೀರಿ. ಬಂದ ಉತ್ತರಗಳಲ್ಲಿ ಅರ್ಧ "ಕನಸು ಬಿಡಿಸಬೇಡಿ" ಅಂತಿವೆ, ಇನ್ನರ್ಧ "ಇಂಜಿನಿಯರಿಂಗ್ ಸೇರಿಸಿ" ಅಂತಿವೆ. ನೀವು ಕೇಳಿದ್ದು ಅದಲ್ಲ. ನಾನು ಆಫೀಸ್ ಟೀಮಿಗೆ ಮಿಡ್‌ಫೀಲ್ಡ್‌ನಲ್ಲೇ ಆಡಿದವನು, ಈಗ ಮಕ್ಕಳಿಗೆ ಕೋಚಿಂಗ್ ಮಾಡ್ತೀನಿ, ನಮ್ಮ ಹುಡುಗರು ಹೊರಗೆ ಹೊರಟಾಗ ಅವರ ಕರಾರು ಪತ್ರ ಓದಿಕೊಡ್ತೀನಿ. ಆ ಅನುಭವದಿಂದ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಸಂಸಾರ ನಡೆಸೋಕೆ ಆಗುತ್ತೆ. ಆದರೆ ಒಂದೇ ಕ್ಲಬ್‌ನಲ್ಲಿ, ಒಂದೇ ಊರಲ್ಲಿ ಕೂತು ಅಲ್ಲ. ಎರಡು ವರ್ಷ ಇಲ್ಲಿ, ಒಂದು ಸೀಸನ್ ಅಲ್ಲಿ, ನಡುವೆ ಒಂದು ಲೋನ್ (ಇನ್ನೊಂದು ಕ್ಲಬ್‌ಗೆ ಸ್ವಲ್ಪ ಕಾಲ ಎರವಲು ಹೋಗೋದು), ಹೀಗೆ ಸಾಗುತ್ತೆ. "ಯಾಕಪ್ಪಾ, ಆ ಕ್ಲಬ್‌ನವರು ಬಿಟ್ಟುಬಿಟ್ರಾ?" ಅಂತ ಮನೆಯವರು, ನೆಂಟರು ಪ್ರತಿ ಸಲ ಕೇಳ್ತಾ ಹೋದರೆ ಹುಡುಗ ಎರಡನೇ ಕ್ಲಬ್‌ಗೇ ಕುಗ್ಗಿಹೋಗ್ತಾನೆ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಬಹುಪಾಲು ಜನ ಬದುಕೋದೇ ಹೀಗೆ. ಇದನ್ನ ಮೊದಲು ನೀವು ಒಪ್ಪಿಕೊಳ್ಳಬೇಕು, ಆಮೇಲೆ ಅವನು.

ಕಂಠೀರವದಲ್ಲಿ ನೀವೇ ನೋಡಿರಬಹುದಾದ ಒಬ್ಬರನ್ನ ತಗೊಳ್ಳಿ. 2017ರಿಂದ 2021ರವರೆಗೆ ಬೆಂಗಳೂರು ಎಫ್‌ಸಿಯ ನಡುಮೈದಾನದಲ್ಲಿ ಆಡಿದ ಆ ಎತ್ತರದ ಆಸ್ಟ್ರೇಲಿಯದವರು, ಎರಿಕ್ ಪಾರ್ಟಾಲು. ಇಲ್ಲಿಗೆ ಬರೋ ಹೊತ್ತಿಗೆ ಅವರಿಗೆ 31. ಸಿಡ್ನಿಯ ಹುಡುಗ ಇಪ್ಪತ್ತು ದಾಟಿದ ಹೊಸತರಲ್ಲೇ ಸ್ಕಾಟ್ಲೆಂಡ್‌ಗೆ ಹೋಗಿ ಗ್ರೆಟ್ನಾ ಅನ್ನೋ ಕ್ಲಬ್ ಸೇರಿದ್ದರು. ಆ ಕ್ಲಬ್ 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ ಆಡಿತ್ತು, 2007ರಲ್ಲಿ ಅಲ್ಲಿನ ಮೇಲ್ದರ್ಜೆ ಲೀಗ್‌ಗೂ ಏರಿತ್ತು. ದುಡ್ಡು ಹಾಕ್ತಿದ್ದ ಒಬ್ಬ ಮಾಲೀಕರು ಕಾಯಿಲೆ ಬಿದ್ದು ಕೈ ಹಿಂತೆಗೆದ ಕೂಡಲೆ 2008ರಲ್ಲಿ ಕ್ಲಬ್ ಮುಳುಗಿಹೋಯ್ತು. ಪಾರ್ಟಾಲು ಅದೇ ದೇಶದಲ್ಲಿ ಗ್ರೀನಕ್ ಮಾರ್ಟನ್ ಅನ್ನೋ ಚಿಕ್ಕ ಕ್ಲಬ್‌ಗೆ ಹೋಗಿ ಆಡಿದರು, 2010ರಲ್ಲಿ ಬ್ರಿಸ್ಬೇನ್ ರೋರ್ ಸೇರಿದರು. 2011ರ ಎ-ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ ಹೆಚ್ಚುವರಿ ಸಮಯದಲ್ಲಿ 0-2 ಹಿಂದಿತ್ತು. ಕೊನೇ ಮೂರ್ನಾಲ್ಕು ನಿಮಿಷದಲ್ಲಿ ಎರಡು ಗೋಲು ಬಂತು. ಸಮ ಮಾಡಿದ್ದು ಪಾರ್ಟಾಲು, ಕಾರ್ನರ್‌ಗೆ ತಲೆಕೊಟ್ಟು, 120ನೇ ನಿಮಿಷದಲ್ಲಿ. ಪೆನಾಲ್ಟಿಯಲ್ಲಿ ಕಪ್ ಗೆದ್ದರು.

ಅಂಥ ಗೋಲು ಹೊಡೆದವರು ಆಮೇಲೆ ಎಲ್ಲೆಲ್ಲಿ ಹೋದರು ನೋಡಿ. 2013ರಿಂದ 2017ರ ಒಳಗೆ ಚೀನಾ, ಥಾಯ್ಲೆಂಡ್, ವಾಪಸ್ ಮೆಲ್ಬರ್ನ್, ಕೊರಿಯಾ, ಕತಾರ್. ಅದಾದ ಮೇಲೆ ಬೆಂಗಳೂರು. ಇಲ್ಲಿ ಮೊದಲ ಸೀಸನ್‌ನಲ್ಲೇ ತಂಡ ಐಎಸ್‌ಎಲ್ (ದೇಶದ ಮೇಲ್ದರ್ಜೆ ಲೀಗ್) ಫೈನಲ್‌ಗೆ ಹೋಗಿ ನಮ್ಮ ಅಂಗಳದಲ್ಲೇ ಚೆನ್ನೈಯಿನ್‌ಗೆ 2-3ರಲ್ಲಿ ಸೋತಿತು, ಮರುವರ್ಷ 2018-19ರಲ್ಲಿ ಗೆದ್ದಿತು. ಇಷ್ಟು ಊರು ಸುತ್ತಿದವರನ್ನ ಯಾವ ಕ್ಲಬ್ಬೂ ಅಭಿಮಾನದಿಂದ ಇಟ್ಟುಕೊಳ್ಳಲ್ಲ. ಬಂದ ಮೊದಲ ವಾರವೇ ಕೆಲಸಕ್ಕೆ ಬರ್ತಾರೆ ಅಂತ ಇಟ್ಟುಕೊಳ್ತಾರೆ. ಚೆಂಡು ಕೇಳಿ ತಗೊಳ್ಳೋದು, ಎಡದಿಂದ ಬಲಕ್ಕೆ ಉದ್ದ ಪಾಸ್‌ನಲ್ಲಿ ಆಟ ತಿರುಗಿಸೋದು, ಕಾರ್ನರ್‌ನಲ್ಲಿ ತಲೆ ಕೊಡೋದು. ಈ ಮೂರಕ್ಕೆ ಭಾಷೆ ಬೇಡ, ಹೊಂದಿಕೊಳ್ಳೋಕೆ ಆರು ತಿಂಗಳೂ ಬೇಡ.

ನಮ್ಮ ದೇಶದವರಲ್ಲೂ ಹೀಗೆ ಬಾಳಿದವರಿದ್ದಾರೆ. ಲೆನ್ನಿ ರಾಡ್ರಿಗಸ್ ಚರ್ಚಿಲ್ ಬ್ರದರ್ಸ್, ಪುಣೆ, ಮೋಹನ್ ಬಗಾನ್, ಬೆಂಗಳೂರು, ಎಫ್‌ಸಿ ಗೋವಾ ಅಂತ ಸಾಗಿ, 2021ರ ಜನವರಿಯಲ್ಲಿ ಗ್ಲ್ಯಾನ್ ಮಾರ್ಟಿನ್ಸ್ ಜೊತೆ ಅದಲುಬದಲಾಗಿ ಎಟಿಕೆ ಮೋಹನ್ ಬಗಾನ್‌ಗೆ ಹೋದರು. ಸೀಸನ್ ನಡುವೆ ಒಂದು ಡ್ರೆಸ್ಸಿಂಗ್ ರೂಮಿಂದ ಎದ್ದು ಇನ್ನೊಂದರಲ್ಲಿ ಕೂತು ಅದೇ ಮಟ್ಟದಲ್ಲಿ ಆಡೋದು ಸಣ್ಣ ಮಾತಲ್ಲ. ಹರ್ಮನ್‌ಜೋತ್ ಖಾಬ್ರಾ ಅವರದು ನಿಮ್ಮ ಮಗನಿಗೆ ಇನ್ನೂ ಹತ್ತಿರದ ಪಾಠ. ಈಸ್ಟ್ ಬೆಂಗಾಲ್, ಚೆನ್ನೈಯಿನ್, ಬೆಂಗಳೂರು, ಕೇರಳ ಬ್ಲಾಸ್ಟರ್ಸ್, ಮತ್ತೆ ಈಸ್ಟ್ ಬೆಂಗಾಲ್. ಮೂಲತಃ ಮಿಡ್‌ಫೀಲ್ಡರ್, ಆದರೆ ಕೋಚ್ ಕೇಳಿದಾಗ ರೈಟ್ ಬ್ಯಾಕ್ ಆಡಿದರು. ಅಷ್ಟು ವರ್ಷ ಮೇಲ್ಮಟ್ಟದಲ್ಲಿ ಉಳಿಯೋಕೆ ಅದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಹೀಗೆ ಬೇರೆ ಜಾಗದಲ್ಲೂ ಆಡೋಕೆ ಬರಬೇಕು ಅನ್ನೋದಕ್ಕೆ ಕಾರಣ ವಿದೇಶಿ ಆಟಗಾರರ ನಿಯಮದಲ್ಲಿದೆ. ಐಎಸ್‌ಎಲ್‌ನಲ್ಲಿ ಒಂದು ಹೊತ್ತಿಗೆ ಮೈದಾನದಲ್ಲಿ ಐದು ವಿದೇಶಿಯರು ಆಡಬಹುದಿತ್ತು, 2021-22ರಿಂದ ಅದು ನಾಲ್ಕಕ್ಕೆ ಇಳಿಯಿತು. ಆ ನಾಲ್ಕು ಜಾಗವನ್ನ ಕ್ಲಬ್‌ಗಳು ಸಾಮಾನ್ಯವಾಗಿ ಸ್ಟ್ರೈಕರ್, ಸೆಂಟರ್ ಬ್ಯಾಕ್ ಮತ್ತು ನಡು ಮಿಡ್‌ಫೀಲ್ಡ್‌ಗೇ ಖರ್ಚು ಮಾಡ್ತವೆ. ಅಂದರೆ ನಿಮ್ಮ ಮಗ ಆಡೋ ಜಾಗಕ್ಕೇ ಪೈಪೋಟಿ ಜಾಸ್ತಿ, ಭಾರತೀಯ ಹುಡುಗರಿಗೆ ಜಾಗ ಸುಲಭವಾಗಿ ಸಿಗೋದು ಪಕ್ಕಗಳಲ್ಲಿ. "ನಾನು ನಂಬರ್ ಟೆನ್ (ಸ್ಟ್ರೈಕರ್ ಹಿಂದೆ ಆಡೋ ಮಿಡ್‌ಫೀಲ್ಡರ್) ಮಾತ್ರ" ಅಂತ ಪಟ್ಟು ಹಿಡಿದವರಿಗೆ ಬೆಂಚು ಗತಿ. ಸಿಕ್ಸ್ (ಡಿಫೆನ್ಸ್ ಮುಂದೆ ನಿಲ್ಲೋ ಮಿಡ್‌ಫೀಲ್ಡರ್), ಎಯ್ಟ್ (ಎರಡೂ ಕಡೆ ಓಡಾಡೋ ಮಿಡ್‌ಫೀಲ್ಡರ್) ಎರಡೂ ಆಡೋಕೆ ಬಂದು, ಬೇಕಾದಾಗ ಫುಲ್ ಬ್ಯಾಕ್‌ಗೂ ನಿಲ್ಲೋ ಹುಡುಗ ಪಂದ್ಯದ ದಿನದ ಪಟ್ಟಿಯಲ್ಲಿ ಇದ್ದೇ ಇರ್ತಾನೆ.

ಟ್ರಯಲ್‌ನಲ್ಲಿ ಏನು ನೋಡ್ತಾರೆ ಅಂತ ಕೇಳಿದ್ದಿರಿ. ಗೋಲು, ಡ್ರಿಬ್ಲಿಂಗ್ ಇವೆಲ್ಲ ಆಮೇಲೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮುಂದಿನ ಮ್ಯಾಚ್‌ಗೆ ಕೂತಾಗ ಚೆಂಡು ಬಿಟ್ಟು ಮಗನನ್ನೇ ನೋಡಿ. ಚೆಂಡು ಅವನ ಕಡೆ ಹೊರಡೋ ಮುಂಚೆ ಭುಜದ ಮೇಲಿಂದ ಹಿಂದೆ ಕಣ್ಣು ಹಾಯಿಸ್ತಾನಾ? ಒಮ್ಮೆ ಅಲ್ಲ, ಎರಡು ಸಲ: ಸೆಂಟರ್ ಬ್ಯಾಕ್ ಕಾಲಲ್ಲಿ ಚೆಂಡಿದ್ದಾಗ ಒಂದು, ಪಾಸ್ ಬರ್ತಿರುವಾಗ ಇನ್ನೊಂದು. ಚೆಂಡು ಬಂದಾಗ ಮೈ ಓರೆಯಾಗಿ ತೆರೆದುಕೊಂಡಿದೆಯಾ, ದೂರದ ಕಾಲಲ್ಲಿ (ಪಾಸ್ ಬಂದ ಕಡೆಯಿಂದ ಆಚೆಗಿರೋ ಕಾಲಲ್ಲಿ) ತಗೊಳ್ತಾನಾ? ದೂರದ ಕಾಲಲ್ಲಿ ತಗೊಂಡರೆ ಮೊದಲ ಟಚ್ಚೇ ಅವನನ್ನ ಮುಂದಕ್ಕೆ ತಿರುಗಿಸುತ್ತೆ. ಹತ್ತಿರದ ಕಾಲಲ್ಲಿ ನಿಲ್ಲಿಸಿದರೆ ಬೆನ್ನಿಗೆ ಎದುರಾಳಿ ಅಂಟಿಕೊಳ್ತಾನೆ, ವಾಪಸ್ ಪಾಸ್ ಕೊಡದೆ ದಾರಿ ಇರಲ್ಲ. ನಮ್ಮ ಟರ್ಫ್‌ನಲ್ಲಿ ಚೆಂಡು ಜೋರಾಗಿ ಜಾರುತ್ತೆ, ಹೊರಗಿನ ಹುಲ್ಲಿನ ಮೈದಾನದಲ್ಲಿ ನಿಧಾನ ಆಗುತ್ತೆ, ಮಳೆ ಬಿದ್ದರೆ ನಿಂತೇಬಿಡುತ್ತೆ. ಹಾಗಾಗಿ ಹೋಗೋ ಮುಂಚೆ ಎರಡು ವಾರ ಹುಲ್ಲಿನ ಮೇಲೆ ಆಡಿಸಿ, ಅದಕ್ಕೆ ಸರಿಯಾದ ಸ್ಟಡ್ ಇರೋ ಬೂಟ್ ಪಳಗಿಸಿಕೊಳ್ಳಲಿ. ಹೊಸ ಬೂಟಲ್ಲಿ ಟ್ರಯಲ್‌ಗೆ ಕಳಿಸಬೇಡಿ, ಗುಳ್ಳೆ ಎದ್ದ ಕಾಲಲ್ಲಿ ಯಾರೂ ಚೆನ್ನಾಗಿ ಆಡಲ್ಲ. ಇನ್ನೊಂದು ಮುಖ್ಯ ಸಂಗತಿ: ಚೆಂಡು ಕಳಕೊಂಡ ಮೇಲಿನ ಐದು ಸೆಕೆಂಡ್ ಏನು ಮಾಡ್ತಾನೆ ಅನ್ನೋದನ್ನ ಕೋಚ್‌ಗಳು ಗಮನಿಸ್ತಾರೆ. ಕೈ ಎತ್ತಿ ರೆಫರಿ ಕಡೆ ನೋಡೋ ಹುಡುಗನನ್ನ ಅಲ್ಲೇ ಪಟ್ಟಿಯಿಂದ ತೆಗೆದಿದ್ದನ್ನ ಕಣ್ಣಾರೆ ಕಂಡಿದ್ದೀನಿ.

ಈಗ ಕಾಗದಪತ್ರ. ಸುತ್ತಾಡಿ ಆಡೋ ಆಟಗಾರನ ಬದುಕು ಉಳಿಯೋದು ಅಥವಾ ಹಾಳಾಗೋದು ಇಲ್ಲೇ. ಫಿಫಾ ನಿಯಮದ ಪ್ರಕಾರ ಹದಿನೆಂಟು ತುಂಬದವರ ಕರಾರು ಮೂರು ವರ್ಷಕ್ಕಿಂತ ಹೆಚ್ಚಿರಬಾರದು. ಅವನಿಗೆ ಈಗ ಹದಿನೇಳೂವರೆ, ಐದು ವರ್ಷದ ಪತ್ರ ಮುಂದಿಟ್ಟರೆ ಸಹಿ ಹಾಕಬೇಡಿ. ಹೊಸಬರಿಗೆ ಎರಡು ವರ್ಷವೇ ಒಳ್ಳೇದು ಅಂತ ನನ್ನ ಲೆಕ್ಕ. ಮೂರು ತಿಂಗಳ ಟ್ರಯಲ್ ಕರಾರು ಅನ್ನೋದೂ ಬೇಡ, ಕರಾರು ಕನಿಷ್ಠ ಸೀಸನ್ ಮುಗಿಯೋವರೆಗೆ ಇರಬೇಕು. ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ಗೆ ನೋಂದಣಿ ಆಗಬಹುದು, ಅಧಿಕೃತ ಪಂದ್ಯ ಆಡೋದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಈ ಸೀಸನ್‌ನಲ್ಲಿ ಸೂಪರ್ ಡಿವಿಷನ್ ಮ್ಯಾಚ್ ಆಡಿಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ಹೊಸ ಕ್ಲಬ್‌ನವರನ್ನ ಮೊದಲೇ ಕೇಳಿ.

ಸಂಬಳದ ಮೊತ್ತಕ್ಕಿಂತ ಎಷ್ಟು ತಿಂಗಳು ಕೊಡ್ತಾರೆ ಅನ್ನೋದನ್ನ ಮೊದಲು ನೋಡಿ. ಎಷ್ಟೋ ಕರಾರು ಸೀಸನ್‌ಗೆ ಮಾತ್ರ ಇರ್ತವೆ, ಎಂಟೋ ಒಂಬತ್ತೋ ತಿಂಗಳು. ಒಟ್ಟು ಮೊತ್ತವನ್ನ ಹನ್ನೆರಡರಿಂದ ಭಾಗಿಸಿ, ಬಂದಿದ್ದೇ ನಿಜವಾದ ಸಂಬಳ. ಮನೆ, ಊಟ, ಪ್ರಯಾಣ ಕ್ಲಬ್‌ನದಾ ಅಂತ ಬರವಣಿಗೆಯಲ್ಲಿ ಇರಲಿ. ಲಿಗಮೆಂಟ್ ಹರಿದರೆ ಆಪರೇಷನ್ ಖರ್ಚು ಯಾರದು, ಆ ಎಂಟು-ಒಂಬತ್ತು ತಿಂಗಳು ಸಂಬಳ ನಡೆಯುತ್ತಾ, ಅದೂ ಇರಲಿ. ನಮ್ಮ ಹುಡುಗನೊಬ್ಬನಿಗೆ ಮೊಣಕಾಲು ಹೋದಾಗ "ಅದೆಲ್ಲ ಬಾಯಿಮಾತಲ್ಲಿ ಹೇಳಿದ್ವಲ್ಲಾ" ಅಂದಿದ್ದ ಕ್ಲಬ್‌ನವರು ಆಮೇಲೆ ಫೋನೇ ಎತ್ತಲಿಲ್ಲ. ಅವನ ಮನೆಯವರು ಚಿನ್ನ ಅಡವಿಟ್ಟು ಆಪರೇಷನ್ ಮಾಡಿಸಿದರು. ನನಗೆ ಇವತ್ತಿಗೂ ಆ ಸಂಕಟ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಸಂಬಳ ನಿಂತರೆ ಏನು ಮಾಡಬೇಕು ಅನ್ನೋದೂ ಗೊತ್ತಿರಲಿ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ, ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು ಹದಿನೈದು ದಿನ ಕಾದು, ಆಗಲೂ ಕೊಡದಿದ್ದರೆ ನ್ಯಾಯವಾದ ಕಾರಣದ ಮೇಲೆ ಕರಾರು ಮುರಿಯೋ ಹಕ್ಕು ಫಿಫಾ ನಿಯಮದಲ್ಲಿದೆ. ಸಿಟ್ಟಲ್ಲಿ ಬ್ಯಾಗ್ ಎತ್ತಿಕೊಂಡು ಊರಿಗೆ ಬಂದರೆ ತಪ್ಪು ಆಟಗಾರನ ಮೇಲೇ ಬೀಳುತ್ತೆ. ನೋಟಿಸ್ ಇಮೇಲ್‌ನಲ್ಲಿ ಇರಲಿ, ವಾಟ್ಸಾಪ್ ಸಾಲದು. ದೂರು ಹೋಗೋದು ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಪ್ಲೇಯರ್ ಸ್ಟೇಟಸ್ ಕಮಿಟಿಗೆ. ಆಟಗಾರರ ಸಂಘ ಎಫ್‌ಪಿಎಐ ಕೂಡ ಇದೆ. 2025ರಲ್ಲಿ ಫೆಡರೇಷನ್‌ಗೂ ಲೀಗ್ ನಡೆಸೋ ಕಂಪನಿಗೂ ಒಪ್ಪಂದ ಮುಂದುವರಿಯದೆ ಐಎಸ್‌ಎಲ್ಲೇ ತಡವಾದಾಗ ದೊಡ್ಡ ಕ್ಲಬ್‌ಗಳಲ್ಲೂ ಸಂಬಳ ನಿಂತಿತು. ಮೇಲ್ಮಟ್ಟದಲ್ಲೇ ಹಾಗಾದರೆ ಕೆಳಗಿನವರ ಪಾಡು ಯೋಚಿಸಿ. ಆರು ತಿಂಗಳ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿ ಇಲ್ಲದೆ ಈ ಕಸುಬು ಮಾಡಬಾರದು.

ಏಜೆಂಟ್ ಅಂತ ಹೇಳ್ಕೊಂಡು ಬರುವವರಿಗೆ ಫಿಫಾ ಲೈಸೆನ್ಸ್ ಇದೆಯಾ ನೋಡಿ. ಟ್ರಯಲ್‌ಗೆ ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ತೆರಿಗೆ ವಿಷಯ ಚಿಕ್ಕದು: ವೃತ್ತಿಪರ ಶುಲ್ಕ ಅಂತ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿಯೋದು ವಾಡಿಕೆ, ಪ್ರತಿ ವರ್ಷ ರಿಟರ್ನ್ಸ್ ಹಾಕಿಸಿ. ವಾಪಸ್ ಬರೋ ದುಡ್ಡೂ ಇರುತ್ತೆ, ನಾಳೆ ಬ್ಯಾಂಕ್ ಸಾಲಕ್ಕೆ ದಾಖಲೆಯೂ ಆಗುತ್ತೆ.

ಬೆಂಗಳೂರು ಬಿಟ್ಟು ಹೋಗಬೇಕಲ್ಲ ಅಂತ ಅಮ್ಮನಿಗೆ ಬೇಜಾರು ಅಂದಿದ್ದೀರಿ. ಅವರಿಗೆ ಹೇಳಿ, ನಮ್ಮೂರ ಹುಡುಗರು ಹೊರಗೆ ಹೋಗಿ ಆಡೋದು ತಲೆಮಾರುಗಳಿಂದ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಇಲ್ಲಿಂದ ಹೋಗಿ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಅಂತ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದರು. ಕಾರ್ಲ್ಟನ್ ಚಾಪ್ಮನ್ ಮಿಡ್‌ಫೀಲ್ಡರ್ರೇ: ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಪಂಜಾಬಿನ ಜೆಸಿಟಿ, ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿಯಲ್ಲಿ ಇದ್ದರು, ಭಾರತದ ನಾಯಕರಾಗಿದ್ದರು, ಆಟ ನಿಲ್ಲಿಸಿದ ಮೇಲೆ ಬೇರೆ ಬೇರೆ ಊರುಗಳಲ್ಲಿ ಕೋಚ್ ಆದರು. 2020ರಲ್ಲಿ 49ಕ್ಕೇ ತೀರಿಕೊಂಡಾಗ ಇಡೀ ದೇಶದ ಫುಟ್‌ಬಾಲ್‌ನವರು ಕಣ್ಣೀರು ಹಾಕಿದರು.

ಮುಂದಿನ ದಾರಿಯನ್ನ ಈಗಲೇ ಜೊತೆಗೆ ಇಟ್ಟುಕೊಳ್ಳಿ. ಐ-ಲೀಗ್‌ವರೆಗೂ ಹೋಗಿದ್ದ ಎಚ್‌ಎಎಲ್, ಜೊತೆಗೆ ಐಟಿಐ, ಇಂಥ ಕಾರ್ಖಾನೆ ತಂಡಗಳಲ್ಲಿ ಆಟಕ್ಕೇ ಖಾಯಂ ಕೆಲಸ ಸಿಗ್ತಿದ್ದ ಕಾಲ ಈಗ ಇಲ್ಲ. ರೈಲ್ವೆ, ಆದಾಯ ತೆರಿಗೆ, ಅಂಚೆ, ಸೇನೆಯ ತಂಡಗಳಲ್ಲಿ ಕ್ರೀಡಾ ಕೋಟಾ ಇನ್ನೂ ಇದೆ. ಅಲ್ಲಿ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ) ಆಡಿದ ಸರ್ಟಿಫಿಕೇಟ್‌ಗೆ ಬೆಲೆ ಇದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಕಪ್ ತಂದಿತಲ್ಲ, ಅಂಥ ತಂಡದಲ್ಲಿ ಇರೋ ಅವಕಾಶ ಬಂದರೆ ಯಾವ ಕ್ಲಬ್ ಕರೆದರೂ ಮೊದಲು ರಾಜ್ಯಕ್ಕೆ ಆಡಲಿ. ಕರ್ನಾಟಕ ಮುಕ್ತ ವಿವಿಯಲ್ಲೋ ಇಗ್ನೋದಲ್ಲೋ ಬಿಕಾಂ ಹಾಕಿಸಿ, ಆಡ್ತಾ ಇರುವಾಗಲೇ ಎಐಎಫ್‌ಎಫ್‌ನ ಡಿ ಕೋಚಿಂಗ್ ಲೈಸೆನ್ಸ್, ಆಮೇಲೆ ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಸಿ ಲೈಸೆನ್ಸ್ ಮಾಡಿಕೊಳ್ಳಲಿ. ಮೂವತ್ತೆರಡಕ್ಕೆ ಆಟ ನಿಂತಾಗ ಬಿ ಲೈಸೆನ್ಸ್ ಕೈಯಲ್ಲಿದ್ದರೆ ಅಕಾಡೆಮಿಗಳಲ್ಲಿ ಕೆಲಸ ಇದೆ.

ಕ್ಲಬ್ ಆರಿಸುವಾಗ ಹೆಸರಿಗಿಂತ ನಿಮಿಷ ನೋಡಿ. 2024ರಲ್ಲಿ ಐ-ಲೀಗ್ 2 ಗೆದ್ದ ಎಸ್‌ಸಿ ಬೆಂಗಳೂರು ಒಂದೇ ಸೀಸನ್‌ಗೆ ಮತ್ತೆ ಕೆಳಗಿಳಿಯಿತು, ಆದರೂ ಅಲ್ಲಿ ಆಡಿದ ಹುಡುಗರಿಗೆ ರಾಷ್ಟ್ರೀಯ ಲೀಗ್‌ನ ಪಂದ್ಯಗಳು ಸಿಕ್ಕವು, ವಿಡಿಯೋ ಸಿಕ್ತು. ದೊಡ್ಡ ಕ್ಲಬ್‌ನ ರಿಸರ್ವ್‌ನಲ್ಲಿ ಬಿಬ್ (ಬದಲಿ ಆಟಗಾರರ ಮೇಲಂಗಿ) ಹಾಕ್ಕೊಂಡು ಕೂತವನಿಗೆ ಅದು ಸಿಗಲ್ಲ. ಇಪ್ಪತ್ತೆರಡರ ಒಳಗೆ ಎಷ್ಟು ಪೂರ್ತಿ ಪಂದ್ಯ ಆಡಿದ್ದಾನೆ ಅನ್ನೋದನ್ನೇ ಮುಂದಿನ ಕ್ಲಬ್ ಕೇಳೋದು.

ಹಾಗಾಗಿ ಟ್ರಯಲ್‌ಗೆ ಕಳಿಸಿ ಸರ್. ಪೊಸಿಷನ್ ಕೇಳಿದರೆ "ಸಿಕ್ಸ್, ಎಯ್ಟ್, ಬೇಕಾದರೆ ರೈಟ್ ಬ್ಯಾಕ್" ಅನ್ನಲಿ. ಆಧಾರ್, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಇದ್ದರೆ ಅದು, ಹಳೇ ಗಾಯದ ಸ್ಕ್ಯಾನ್ ರಿಪೋರ್ಟ್, ಪೂರ್ತಿ ಮ್ಯಾಚ್ ವಿಡಿಯೋದ ಲಿಂಕ್ ಜೊತೆಗಿರಲಿ. ಎಐಎಫ್‌ಎಫ್‌ನ ಸಿಆರ್‌ಎಸ್‌ನಲ್ಲಿ (ಆಟಗಾರರ ಆನ್‌ಲೈನ್ ನೋಂದಣಿ ವ್ಯವಸ್ಥೆ) ಅವನ ನೋಂದಣಿ ಹವ್ಯಾಸಿ ಅಂತಿದೆಯಾ ವೃತ್ತಿಪರ ಅಂತಿದೆಯಾ, ಯಾವ ತಾರೀಕಿನವರೆಗೆ ಇದೆ ಅಂತ ನೋಡಿ ತಿಳಿಸಿ. ಈಗಿನ ಕ್ಲಬ್‌ನಿಂದ ಎನ್‌ಒಸಿ ಹೇಗೆ ಕೇಳಬೇಕು ಅನ್ನೋದು ಅದರ ಮೇಲೆ ನಿಂತಿದೆ. ಆಫರ್ ಲೆಟರ್ ಬಂದರೆ ಹೆಸರು, ಮೊತ್ತ ಮುಚ್ಚಿ ಇಲ್ಲಿ ಹಾಕಿ, ಒಂದೊಂದೇ ಷರತ್ತು ಓದಿ ಹೇಳ್ತೀನಿ.