ಮೊದಲ ಟೂರಿಂಗ್ ಸೈಕಲ್: 15 ಕಿಲೋ ಲಗೇಜಿನೊಂದಿಗೆ ಘಾಟಿ ಹತ್ತಲು ಏನೇನು ನೋಡಬೇಕು?

ಬ್ರ್ಯಾಂಡಿಗಿಂತ ಮೊದಲು ಹಲ್ಲು ಎಣಿಸಿ. ಪೆಡಲ್ ಬಳಿಯ ಅತಿ ಚಿಕ್ಕ ಚೈನ್‌ರಿಂಗ್‌ನ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಗೇರಿನ ಹಲ್ಲುಗಳಿಂದ ಭಾಗಿಸಿ. 26ಕ್ಕೆ 34 ಇದ್ದರೆ 0.76, ಸೋಮೇಶ್ವರದಿಂದ ಆಗುಂಬೆ ಕಡೆಗೆ ಕೂತೇ ತುಳಿಯಬಹುದು. ರೋಡ್ ಬೈಕಿನ 34ಕ್ಕೆ 28 ಎಂದರೆ 1.21. ಲಗೇಜ್ ಹೊತ್ತಾಗ ಅದು ಮೊಣಕಾಲು ನೋಯಿಸುತ್ತದೆ.

ಎರಡನೆಯದು ಹಿಂದಿನ ಚಕ್ರ, ತೊಂದರೆ ಶುರುವಾಗುವುದೇ ಅಲ್ಲಿ. ಭಾರದ ಹೆಚ್ಚಿನ ಪಾಲು ಅದರ ಮೇಲೆ ಬೀಳುತ್ತದೆ. 36 ಕಡ್ಡಿ ಉತ್ತಮ, 32 ಸಾಕು, 24 ಬೇಡವೇ ಬೇಡ. 6–7 ಗೇರಿನ ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಫ್ರೀವೀಲ್, ಅಂದರೆ ಹಬ್‌ಗೆ (ಚಕ್ರದ ನಡುವಿನ ಗುಂಬಕ್ಕೆ) ತಿರುಪಿ ಕೂರಿಸುವ ಗೇರುಗಳ ಗುಚ್ಛ ಇರುತ್ತದೆ. ಅದರಲ್ಲಿ ಬಲಬದಿಯ ಬೇರಿಂಗ್ ತುಂಬ ಒಳಗಿರುವುದರಿಂದ ಆಕ್ಸಲ್ (ಚಕ್ರದ ಅಚ್ಚು) ಬಾಗಿ ಮುರಿಯಬಹುದು. ಅದರ ಬದಲು ಕ್ಯಾಸೆಟ್ (ತಿರುಪದೆ ಜಾರಿಸಿ ಕೂರಿಸುವ ಗೇರುಗಳ ಗುಚ್ಛ) ಹಾಕುವ ಹಬ್ ಕೇಳಿ ಪಡೆಯಿರಿ. ಚಕ್ರ ತಿರುಗಿಸಿ ನೋಡಿ: ರಿಮ್ ಅಕ್ಕಪಕ್ಕ 2 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ಕಡ್ಡಿಗಳನ್ನು ಬಿಗಿ ಮಾಡಿಸದೆ ಹೊರಡಬೇಡಿ.

ಫ್ರೇಮಿಗೆ ಕ್ಯಾರಿಯರ್ ಬೋಲ್ಟ್ ಹಾಕುವ ತೂತುಗಳಿರಲಿ. ಕ್ಲಾಂಪ್ ಕಟ್ಟಿದ ಕ್ಯಾರಿಯರ್ ಕುಲುಕಾಟಕ್ಕೆ ಜಾರುತ್ತದೆ. ಪೆಡಲ್ ಅಕ್ಷದಿಂದ ಹಿಂದಿನ ಆಕ್ಸಲ್‌ವರೆಗೆ 44 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಿಮ್ಮಡಿ ಬ್ಯಾಗಿಗೆ ಬಡಿಯುವ ಸಾಧ್ಯತೆ ಹೆಚ್ಚು.

ಟಯರ್ 35ರಿಂದ 42 ಮಿ.ಮೀ. ಬ್ರೇಕ್ ಕೇಬಲ್ಲಿನದೇ ಇರಲಿ, ಹಳ್ಳಿಯ ಸೈಕಲ್ ಶಾಪಿನಲ್ಲೂ ಸರಿಯಾಗುತ್ತದೆ. ಮುಂದಿನ ಸಸ್ಪೆನ್ಷನ್ ಬೇಡ: ತೂಕ ಹೆಚ್ಚು, ಲಗೇಜ್ ಕಟ್ಟುವುದೂ ಕಷ್ಟ.

ಹಳೆಯ ಸೈಕಲ್ಲಾದರೆ ಚೈನಿನ 24 ಕೊಂಡಿ ಅಳೆಯಿರಿ. ಹೊಸದರಲ್ಲಿ ಸರಿಯಾಗಿ 12 ಇಂಚು. ಹನ್ನೆರಡೂ ಎಂಟನೇ ಒಂದು ಇಂಚು ಬಂದರೆ ಚೈನ್ ಜೊತೆ ಕ್ಯಾಸೆಟ್ ಕೂಡ ಸವೆದಿರುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.