ಒದೆತ ಕಡಿಮೆಯ ರೈಫಲ್: ಗುರಿಗೆ ಯಾವುದು, ಹೊಲಕ್ಕೆ ಯಾವುದು?

ಪ್ರಶ್ನೆ: ನಮ್ಮದು ಭಾಲ್ಕಿ ತಾಲ್ಲೂಕಿನಲ್ಲಿ ತೊಗರಿ, ಸೋಯಾ ಬೆಳೆಯುವ ಕುಟುಂಬ. ಚಿಗರಿ ಮತ್ತು ಕಾಡುಹಂದಿಗಳ ಕಾಟ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹತ್ತೊಂಬತ್ತು ವರ್ಷದ ಮಗನಿಗೆ ಗುರಿ ಹೊಡೆಯುವ ಕ್ರೀಡೆಯಲ್ಲಿ ಆಸಕ್ತಿ ಇದೆ. ಅಮೆರಿಕದಲ್ಲಿರುವ ನನ್ನ ಭಾವ, .223 ಅಥವಾ .243 ಕ್ಯಾಲಿಬರಿನ (ಇಂಚಿನಲ್ಲಿ ಹೇಳುವ ನಳಿಗೆಯ ಅಳತೆ) ರೈಫಲ್ ತೆಗೆದುಕೊಂಡರೆ ಒದೆತ (ಹೊಡೆದಾಗ ಬಂದೂಕು ಭುಜಕ್ಕೆ ಕೊಡುವ ಗುದ್ದು) ಕಡಿಮೆ, ಎರಡೂ ಕೆಲಸಕ್ಕೆ ಆಗುತ್ತದೆ ಎನ್ನುತ್ತಾರೆ. ಇದು ಸರಿಯೇ?
– ಓದುಗರು, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಭಾವನವರು ಹೇಳಿರುವುದು ಅವರಿರುವ ದೇಶದ ಮಟ್ಟಿಗೆ ಸರಿ. ಅಲ್ಲಿ ಹುಲ್ಲುಗಾವಲಿನಲ್ಲಿ ಬಿಲ ತೋಡುವ, ಅಳಿಲಿನ ಜಾತಿಯ ಪ್ರೇರಿ ಡಾಗ್, ತೋಳದ ಜಾತಿಯ ಕಯೋಟಿಯಂಥ ಪ್ರಾಣಿಗಳನ್ನು ಹೊಡೆಯಲು ಅನೇಕ ರಾಜ್ಯಗಳು ಅನುಮತಿ ಕೊಡುತ್ತವೆ. ಆ ಕೆಲಸಕ್ಕೆ 1964ರಲ್ಲಿ ಬಂದ .223 ಮತ್ತು 1955ರಲ್ಲಿ ಬಂದ .243 ಬಹಳ ಕಾಲದಿಂದ ಬಳಕೆಯಲ್ಲಿವೆ. ನಮ್ಮಲ್ಲಿ ಹಾಗಿಲ್ಲ. .223 ತೋಟಾ ಸೇನೆಯ 5.56 ಮಿ.ಮೀ. ತೋಟಾಕ್ಕೆ ಹೆಚ್ಚೂಕಡಿಮೆ ಸಮ; ಸೇನೆಯ ತೋಟಾ ಹಾರಿಸಬಲ್ಲ ಅಳತೆಗಳು ಸಾಮಾನ್ಯವಾಗಿ ನಿಷಿದ್ಧ ಬೋರ್, ಅಂದರೆ ಸಾಮಾನ್ಯ ನಾಗರಿಕರಿಗೆ ಪರವಾನಗಿ ಸಿಗದ ನಳಿಗೆಯ ಅಳತೆ. ಆದ್ದರಿಂದ ಮಗನ ಅಭ್ಯಾಸವನ್ನೂ ಹೊಲದ ಕಾಟವನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಒದೆತದ ವಿಚಾರವನ್ನು ಮೊದಲು ತೆಗೆದುಕೊಳ್ಳೋಣ. ಗುಂಡಿನ ತೂಕ ಮತ್ತು ವೇಗ, ಅದರ ಹಿಂದೆಯೇ ನಳಿಗೆಯಿಂದ ನುಗ್ಗುವ ಮದ್ದಿನ ಅನಿಲ, ಇವೆರಡೂ ಸೇರಿ ಬಂದೂಕನ್ನು ಭುಜಕ್ಕೆ ತಳ್ಳುತ್ತವೆ. ಬಂದೂಕು ಭಾರವಾದಷ್ಟೂ ಆ ತಳ್ಳು ಮೆತ್ತಗಾಗುತ್ತದೆ. ಸುಮಾರು ಮೂರೂವರೆ ಕಿಲೋ ತೂಕದ ರೈಫಲಿನಲ್ಲಿ ದೊಡ್ಡ ಬೇಟೆಗೆ ಬಳಸುವ .30-06 ತೋಟಾದ ಒದೆತ 27 ಜೂಲ್‌ನ (ಶಕ್ತಿಯ ಅಳತೆ) ಆಸುಪಾಸಿನಲ್ಲಿದ್ದರೆ, .243ರದು 12ರಿಂದ 15 ಜೂಲ್, .223ರದು 4ರಿಂದ 5 ಜೂಲ್ ಇರುತ್ತದೆ. .22 ಲಾಂಗ್ ರೈಫಲ್ ಎಂಬ, ಮದ್ದು ಬಹಳ ಕಡಿಮೆಯಿರುವ ಚಿಕ್ಕ ತೋಟಾದ ಒದೆತವಾದರೋ ಅರ್ಧ ಜೂಲ್ ಕೂಡ ಮುಟ್ಟುವುದಿಲ್ಲ. ಅದರ ಸೀಸದ ಗುಂಡು ಕೇವಲ 2.6 ಗ್ರಾಂ ತೂಗುತ್ತದೆ.

ಹೊಸದಾಗಿ ಕಲಿಯುವವರಿಗೆ ಭುಜದ ನೋವಿಗಿಂತ ದೊಡ್ಡ ತೊಂದರೆ ಬೆಚ್ಚುವ ಅಭ್ಯಾಸ. ಸದ್ದು ಮತ್ತು ಒದೆತ ಬರುವ ಮೊದಲೇ ಮೈ ಅದಕ್ಕೆ ಸಿದ್ಧವಾಗಿ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರ್ ಎಳೆಯುವ ಕ್ಷಣದಲ್ಲಿ ನಳಿಗೆಯ ತುದಿ ಕೆಳಗೆ ಬಾಗುತ್ತದೆ. ಹೊಡೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಒದೆತ ಅದನ್ನು ಮರೆಮಾಡುತ್ತದೆ. ಅದಕ್ಕಾಗಿಯೇ ತರಬೇತುದಾರರು ಕಲಿಯುವವರಿಗೆ ತಿಳಿಯದಂತೆ ತೋಟಾಗಳ ನಡುವೆ ಒಂದು ಮದ್ದಿಲ್ಲದ ಡಮ್ಮಿ ತೋಟಾ ಸೇರಿಸುತ್ತಾರೆ. ಸದ್ದಿಲ್ಲದೆ ಟ್ರಿಗರ್ ಬಿದ್ದಾಗ ನಳಿಗೆ ಅಲುಗಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಚಾಳಿ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಹೀಗಾಗಿ ದೊಡ್ಡ ಕ್ಯಾಲಿಬರಿನಿಂದ ಆರಂಭಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ನಿಮ್ಮ ಮಗನಿಗೆ .22 ಲಾಂಗ್ ರೈಫಲ್ ಸೂಕ್ತ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ತೋಟಾದಿಂದ. ಆ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ತೋಟಾ ಕೊಳ್ಳುವಾಗ ‘ಹೈ ವೆಲಾಸಿಟಿ’ ಎಂಬ ಹೆಸರಿಗೆ ಮಾರುಹೋಗಬೇಡಿರಿ. ಸೆಕೆಂಡಿಗೆ ಸುಮಾರು 330 ಮೀಟರ್ ವೇಗದ, ಅಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆಯ ಸ್ಟ್ಯಾಂಡರ್ಡ್ ತೋಟಾ ಗುರಿಗೆ ಉತ್ತಮ. ಅದಕ್ಕಿಂತ ವೇಗದ ಗುಂಡು ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಪ್ರತಿರೋಧಕ್ಕೆ ಹೆಚ್ಚು ಸಿಲುಕುವುದರಿಂದ, ಬೀಸುವ ಗಾಳಿಯಲ್ಲಿ ಪಕ್ಕಕ್ಕೆ ಹೆಚ್ಚೇ ಸರಿಯುತ್ತದೆ. ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಇದು ಗಮನಿಸಬೇಕಾದ ಸಂಗತಿ.

ಪರವಾನಗಿಯ ವಿಷಯದಲ್ಲೂ ದಾರಿ ಸ್ಪಷ್ಟವಾಗಿದೆ. ಮಾನ್ಯತೆ ಪಡೆದ ಶೂಟಿಂಗ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಪರವಾನಗಿ ಕೊಡುವ ಮಾತು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿಯೇ ಇದೆ. ಆದರೆ 21 ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಮಗನ ಹೆಸರಿಗೆ ಪರವಾನಗಿ ಸಿಗದು; ಅಲ್ಲಿಯವರೆಗೆ ಕ್ಲಬ್ಬಿನಲ್ಲಿ, ತರಬೇತುದಾರರ ಎದುರಿನಲ್ಲಿ ಕಲಿಯಲಿ.

ಇನ್ನು ಹೊಲದ ವಿಚಾರ. ಬಿತ್ತಿದ ಬೆಳೆ ಒಂದೇ ರಾತ್ರಿಯಲ್ಲಿ ಹಾಳಾಗುವ ಸಂಕಟ ಸಣ್ಣದಲ್ಲ. ಆದರೂ ಚಿಗರಿಯ ಮೇಲೆ ಬಂದೂಕು ಎತ್ತುವ ಯೋಚನೆಯನ್ನೇ ಬಿಡಿರಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸವಿದೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಕಾಡುಹಂದಿಯನ್ನೂ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ. ಒಂದು ವೇಳೆ ಆದೇಶ ದೊರೆತರೂ .22 ಅದಕ್ಕೆ ತಕ್ಕ ತೋಟಾ ಅಲ್ಲವೇ ಅಲ್ಲ: ದಪ್ಪ ಚರ್ಮದ, ಗಟ್ಟಿ ಮೂಳೆಯ ಹಂದಿ ಸಾಯದೆ ಗಾಯಗೊಂಡು ನರಳುತ್ತದೆ, ತೊಗರಿ ಸಾಲಿನೊಳಗೆ ಅಡಗಿ ಮರುದಿನ ಕೂಲಿಯವರ ಮೇಲೆ ಬೀಳುತ್ತದೆ. ಹಾನಿಯಾದ ಕೂಡಲೇ, ತುಳಿದ ಸಾಲುಗಳು ಹಾಗೆಯೇ ಇರುವಾಗ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿರಿ.

ಸ್ವಂತ ಹೊಲದಲ್ಲಿ ಗುರಿ ಹೊಡೆಯುವುದೂ ಬೇಡ. ಚಿಕ್ಕದೆಂದು ಕಾಣುವ .22 ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಬೀದರಿನ ಗಟ್ಟಿ ಜಂಬಿಟ್ಟಿಗೆ ನೆಲಕ್ಕೆ ಓರೆಯಾಗಿ ತಾಗಿದರೆ ಪುಟಿದು ಯಾವ ಕಡೆಗೆ ಹಾರುತ್ತದೋ ಹೇಳಲಾಗದು. ಮನೆಯಲ್ಲಿ ಅಭ್ಯಾಸ ಬೇಕೆಂದಿದ್ದರೆ 4.5 ಮಿ.ಮೀ. ಏರ್ ರೈಫಲ್ ತನ್ನಿರಿ. ಅದರ ಶಕ್ತಿ 20 ಜೂಲ್ ಮೀರದಿದ್ದರೆ ಪರವಾನಗಿ ಬೇಕಿಲ್ಲ, ಒದೆತವೂ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಮೀಟರ್ ದೂರದಲ್ಲಿ, ಹಿಂದೆ ಗೋಡೆಯಿರುವ ಕಡೆ ಛರ್ರೆ (ಏರ್ ರೈಫಲಿನ ಸಣ್ಣ ಗುಂಡು) ಹಿಡಿಯುವ ಕಬ್ಬಿಣದ ಪೆಟ್ಟಿಗೆಯನ್ನು ಇಟ್ಟು, ಮಗನ ಜೊತೆಗೆ ಪಕ್ಕದಲ್ಲಿ ನಿಲ್ಲುವವರೂ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳುವಂತೆ ನೋಡಿಕೊಳ್ಳಿರಿ.